ರೇಡಿಯೋ ಗೌಡ್ರು

ರೇಡಿಯೋ ಗೌಡ್ರಿಗೆ ಹಾಡು ಮುಖ್ಯವಲ್ಲ. ಹಾಡಿಗೆ ಮುಂಚೆ ಒಂದು ಮಾತು ಬರುತ್ತದಲ್ಲ, ಹಾಡಾದ ಮೇಲೆ ಇನ್ನೊಂದು ಬರುತ್ತದಲ್ಲ, ಅದಕ್ಕಾಗಿ ಅವರು ರೇಡಿಯೋ ಹಾಕುವುದು. ನಡುವೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರೆ ಅಷ್ಟರಲ್ಲಿ ಎದ್ದು ಹೋಗಿ ಕಣದಲ್ಲಿ ಹರವಿದ ಕಾಫಿ ಕೈಯಾಡಿಸಿ ಬರುತ್ತಾರೆ. ಎಸ್. ಜಾನಕಿಯಾದರೆ ಎಲೆಅಡಿಕೆಗೆ ಸರಿಹೋಗುತ್ತದೆ. ಹಾಡು ಮುಗಿಯುವ ಸೂಚನೆ ಸಿಕ್ಕಿತೋ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಜಗಲಿಗೆ ಓಡಿ ಬರುತ್ತಾರೆ. ಇನ್ನು ಉದ್ಘೋಷಕಿ ಮಾತಾಡಬೇಕು, ಗೌಡ್ರು ತೀರ್ಪು ಕೊಡಬೇಕು.

ಸಕಲೇಶಪುರ, ಆಲೂರು ಸೀಮೆಯಲ್ಲಿ ಇಂಥವರು ಊರಿಗೊಬ್ಬರಾದರೂ ಇದ್ದಾರೆ. ಹಾನುಬಾಳಿನಲ್ಲಿ ಬಸ್ಸಿಳಿಯಿರಿ, ಹೆತ್ತೂರಿನಲ್ಲಿ ಇಳಿಯಿರಿ, ಮಗ್ಗೆಯಲ್ಲಿ ಇಳಿಯಿರಿ, ‘ಸದಾ ರೇಡಿಯೋ ಹಾಕ್ಕೊಂಡಿರ್ತಾರಲ್ಲ, ಅವರ ಮನೆ ಯಾವುದು?’ ಎಂದು ಕೇಳಿದರೆ ಹೋಟೆಲಿನ ಹುಡುಗನೂ ದಾರಿ ತೋರಿಸುತ್ತಾನೆ. ಕೆಲವು ಊರಿನಲ್ಲಿ ಅವರು ನಿವೃತ್ತ ಮೇಷ್ಟ್ರು, ಕೆಲವು ಕಡೆ ತೋಟದ ರೈಟರು. ಹುಟ್ಟಿನಿಂದ ಏನೇ ಆಗಿರಲಿ, ರೇಡಿಯೋ ಮುಂದೆ ಕೂತಾಗ ಅವರು ಗೌಡ್ರೇ. ಪಂಚಾಯ್ತಿಕಟ್ಟೆಯ ಗತ್ತು ತಾನಾಗಿ ಬಂದುಬಿಡುತ್ತದೆ.

ಸೆಟ್ಟು ಹಳೆಯದು. ಹಿಂದಿನ ಮುಚ್ಚಳ ಕಳೆದುಹೋಗಿ ಸೆಲ್ಲು ಬೀಳದಂತೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದಾರೆ. ಏರಿಯಲ್ ಮುರಿದು ಯಾವುದೋ ಕಾಲವಾಯಿತು. ಅದರ ಬುಡಕ್ಕೆ ಒಂದು ತಾಮ್ರದ ತಂತಿ ಕಟ್ಟಿ, ಅಂಗಳದಾಚೆಯ ಸಿಲ್ವರ್ ಓಕ್ ಮರಕ್ಕೆ ಏರಿಸಿದ್ದಾರೆ. ಅದೇ ಮರಕ್ಕೆ ಮೆಣಸಿನ ಬಳ್ಳಿಯೂ ಹಬ್ಬಿದೆ. ಪ್ರತಿ ವರ್ಷ ಮೆಣಸು ಕೊಯ್ಯಲು ಏಣಿ ಹತ್ತಿದವನು ಬಳ್ಳಿಯ ಜತೆ ತಂತಿಯನ್ನೂ ಎಳೆಯುತ್ತಾನೆ, ಪ್ರತಿ ವರ್ಷ ಗೌಡ್ರು ಅವನ ವಂಶವನ್ನೆಲ್ಲ ನೆನೆಯುತ್ತಾರೆ. ಸೆಲ್ಲು ಮುಗಿಯುತ್ತಾ ಬಂದರೆ ಕಣದಲ್ಲಿ ಕಾಫಿಯ ಪಕ್ಕ ಅದನ್ನೂ ಬಿಸಿಲಿಗಿಟ್ಟು ಇನ್ನೆರಡು ದಿನ ಎಳೆಯುತ್ತಾರೆ.

ಹಾಸನ ಆಕಾಶವಾಣಿ 102.2. ಕೇಳಲು ಸುಲಭ, ಸಿಗುವುದು ಕಷ್ಟ. ಎಫ್‌ಎಂ ಅಲೆಗೆ ನೇರ ದಾರಿಯೇ ಆಗಬೇಕು, ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಬರುವ ಸೌಜನ್ಯ ಅದಕ್ಕಿಲ್ಲ. ಹಾಗಾಗಿ ಬಯಲಿಗೆ ಮುಖ ಮಾಡಿದ ಮನೆಯಲ್ಲಿ ಹಾಸನ ಗಟ್ಟಿಯಾಗಿ ಕೇಳಿದರೆ, ಅದೇ ತೋಟದ ಕೆಳಗಿನ ಗದ್ದೆಬಯಲಲ್ಲಿ ಬರೀ ಸುಯ್ ಎನ್ನುವ ಸದ್ದು. ಘಟ್ಟದ ನೆತ್ತಿಗೆ ಹೋದರೆ ಮಂಗಳೂರಿನ 100.3 ಒಮ್ಮೊಮ್ಮೆ ಹತ್ತಿ ಬರುತ್ತದೆ. ಮೈಸೂರು 100.6. ಸಣ್ಣ ರೇಡಿಯೋದ ಮುಳ್ಳಿಗೆ ಇವೆರಡರ ನಡುವೆ ಕೂದಲೆಳೆಯ ದೂರ, ಚೂರು ಅಲುಗಿದರೆ ತುಳು ಹೋಗಿ ಮೈಸೂರಿನ ಮಾತು ಶುರುವಾಗುತ್ತದೆ. ಹಿಂದೆ ಮೀಡಿಯಂ ವೇವ್ ಕೇಳುತ್ತಿದ್ದಾಗ ಭದ್ರಾವತಿ 675, ಬೆಂಗಳೂರು 612 ಗುಡ್ಡ ಹತ್ತಿಳಿದು ಬರುತ್ತಿದ್ದವು, ಗುಡುಗಿದರೆ ಮಾತ್ರ ಕರಕರ. ‘ಆಗಿನ ಅಲೆಗೂ ಆಗಿನ ಜನಕ್ಕೂ ಕಾಲಲ್ಲಿ ಶಕ್ತಿ ಇತ್ತು ಕಣ್ರೀ’ ಎಂದು ಗೌಡ್ರು ಮಂಡಿ ನೀವಿಕೊಳ್ಳುತ್ತಾರೆ.

ತೀರ್ಪುಗಳಿಗೆ ಬರೋಣ. ಗೌಡ್ರಿಗೆ ಉದ್ಘೋಷಕರ ಹೆಸರುಗಳು ಬೇಕಾಗಿಲ್ಲ, ವಾರದ ಲೆಕ್ಕ ಸಾಕು. ‘ಮಂಗಳವಾರದವಳು’, ‘ಭಾನುವಾರ ಬೆಳಗ್ಗಿನೋನು’, ‘ರಾತ್ರಿ ಮಲಗಿಸೋನು’. ಆಕಾಶವಾಣಿಯಲ್ಲಿ ಈಗ ಮಾತಾಡುವವರಲ್ಲಿ ಬಹಳ ಮಂದಿ ತಾತ್ಕಾಲಿಕ ಉದ್ಘೋಷಕರು. ತಿಂಗಳಿಗೆ ಕೆಲವೇ ಡ್ಯೂಟಿ, ಉಳಿದ ದಿನ ಪಾಠವೋ ವ್ಯಾಪಾರವೋ ಮನೆಗೆಲಸವೋ. ಕೇಂದ್ರದ ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟು ಹರಿದುಹೋದರೆ ಗೌಡ್ರ ಹತ್ತಿರ ಬರೆಸಿಕೊಂಡು ಹೋಗಬಹುದು. ಮಂಗಳವಾರದವಳು ಒಮ್ಮೆ ಕೆಲವು ತಿಂಗಳು ಬರಲಿಲ್ಲ. ‘ಬಾಣಂತನ’ ಎಂದರು ಗೌಡ್ರು, ಅನುಮಾನವೇ ಇಲ್ಲದ ದನಿಯಲ್ಲಿ. ಆಕೆ ಮರಳಿದ ದಿನ ಮೊದಲ ವಾಕ್ಯ ಕೇಳಿ ತಲೆದೂಗಿದರು. ‘ದನಿ ತುಂಬ್ಕೊಂಡಿದೆ. ತವರಲ್ಲಿ ಚೆನ್ನಾಗಿ ನೋಡ್ಕೊಂಡಿದ್ದಾರೆ.’ ಆಕೆಗೆ ಮದುವೆಯಾಗಿದೆಯೋ ಇಲ್ಲವೋ ನಮಗ್ಯಾರಿಗೂ ಗೊತ್ತಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ಅವರು ಕ್ಷಮಿಸುವವರಲ್ಲ. ಹೊಸ ಹುಡುಗಿಯೊಬ್ಬಳು ಮೊದಲ ಸಲ ಮಾತಾಡಿದ ಸಂಜೆ ಗೌಡ್ರ ಮುಖ ಕಂದಿತ್ತು.

‘ಯಾಕೆ ಗೌಡ್ರೇ?’

‘ಏನ್ ಏಳಾದು ಅಯ್ಯೋ. ಆ ಉಡುಗೀಗೆ ಅಕಾರ ಯಾವ್ದು ಅಕಾರ ಯಾವ್ದು ಗೊತ್ತಿಲ್ಲ. ಆಸನಕ್ಕೆ ಆಸನ ಅಂತಾಳೆ!’

ನಾವು ಎರಡೆರಡು ಸಲ ಕೇಳಿದೆವು. ಮೂರನೇ ಸಲ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹುಡುಗಿ ಪಾಪ, ಹಾಸನವನ್ನು ಹಾಸನ ಎಂದೇ ಹೇಳುತ್ತಿದ್ದಳು. ಗೌಡ್ರ ಕಿವಿಗೆ ಅದೇ ತಪ್ಪಾಗಿ ಬಿದ್ದಿತ್ತೋ ಏನೋ.

ಈ ಕಟ್ಟುನಿಟ್ಟಿನಲ್ಲಿ ಪೂರ್ತಿ ಅಂಕ ಪಡೆದವರು ಒಬ್ಬರೇ, ದೆಹಲಿಯಿಂದ ಬೆಳಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ ಓದುತ್ತಿದ್ದ ಬಲದೇವಾನಂದ ಸಾಗರ. ‘ಅಷ್ಟು ವರ್ಷ ಓದಿದ್ರು, ಒಂದೇ ಒಂದು ತಪ್ಪು ನಾನು ಕೇಳಿಲ್ಲ’ ಎನ್ನುತ್ತಾರೆ. ಗೌಡ್ರಿಗೆ ಸಂಸ್ಕೃತ ಬರುವುದಿಲ್ಲ.

ಹಿಂದಿಯೂ ಅಷ್ಟಕ್ಕಷ್ಟೆ. ಆದರೂ ಅವರ ಅಳತೆಗೋಲು ಅಮೀನ್ ಸಯಾನಿ. ಅಪ್ಪನ ಕಾಲದ ಮರ್ಫಿ ರೇಡಿಯೋ, ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಕಟ್ಟುತ್ತಿದ್ದ ಲೈಸೆನ್ಸು, ಸಿಲೋನ್‌ನಿಂದ ತೇಲಿ ಬರುತ್ತಿದ್ದ ಸಯಾನಿಯ ಬಿನಾಕಾ ಗೀತಮಾಲಾ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ನಮ್ಮ ಸಂಸ್ಕೃತಿಗೆ ತಕ್ಕದ್ದಲ್ಲ ಎಂದು ಆಕಾಶವಾಣಿಯಿಂದ ಅದನ್ನು ಹೆಚ್ಚುಕಡಿಮೆ ಹೊರಗಟ್ಟಿದರು. ಜನ ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು. ಆಕಾಶವಾಣಿಗೆ ಬುದ್ಧಿ ಬಂದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಇತಿಹಾಸ ಬರೆಯುವವರು ಇದನ್ನು ಕೇಸ್ಕರ್ ಮಾಡಿದ ಎಡವಟ್ಟು ಎಂದೇ ಬರೆಯುತ್ತಾರೆ. ಗೌಡ್ರ ಲೆಕ್ಕ ಬೇರೆ: ‘ಕೇಸ್ಕರ್ ಸಾಹೇಬರು ಬೇಡ ಅಂದಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ಸಯಾನಿ ದನಿ ನಮ್ಮ ಹಟ್ಟಿವರೆಗೆ ಬರ್ತಿತ್ತಾ?’ 2024ರ ಫೆಬ್ರುವರಿಯಲ್ಲಿ ಸಯಾನಿ ತೀರಿಕೊಂಡ ಸುದ್ದಿ ಬಂದಾಗ ಗೌಡ್ರು ಅವತ್ತಿಡೀ ರೇಡಿಯೋ ಹಾಕಲಿಲ್ಲ. ಮನೆಯವರು ಸೆಲ್ಲು ಮುಗಿದಿದೆ ಎಂದುಕೊಂಡರು.

ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರ ಬಗ್ಗೆಯೂ ಅವರಿಗೆ ಗೌರವ. ‘ಅವರು ಮಹಾರಾಜಾ ಕಾಲೇಜಲ್ಲಿ ಮನಶ್ಶಾಸ್ತ್ರ ಹೇಳ್ತಿದ್ದೋರು. ಕೇಳೋರ ಮನಸ್ಸು ಏನು ಅಂತ ಗೊತ್ತಿತ್ತು. ಈಗ ಬರೋರು ಏನು ಓದಿರ್ತಾರೋ.’

ಈ ‘ಈಗ ಬರೋರು’ ಎನ್ನುವ ಮಾತಿನ ಪೂರ್ತಿ ಅರ್ಥ ತಿಳಿಯಬೇಕಾದರೆ ಗೌಡ್ರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾದದ್ದೇ ಆ ಊರಲ್ಲಿ. ಮಗನ ಕಾರಿನಲ್ಲಿ ಕೂತು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಗೌಡ್ರು ಆರ್‌ಜೆ ಒಬ್ಬನ ಮಾತು ಕೇಳಿದರು. ಅವನು ಹಾಡಿನ ಪಲ್ಲವಿಯ ಮೇಲೆ ಮಾತಾಡಿದ, ಚರಣದ ಮೇಲೆ ಮಾತಾಡಿದ, ಹಾಡು ಮುಗಿಯುವ ಮೊದಲೇ ಜಾಹೀರಾತಿಗೆ ಹೋದ, ಬಂದು ತನ್ನ ಮಾತಿಗೆ ತಾನೇ ನಕ್ಕ. ಸಿಗ್ನಲ್ ಬಿಡುವಷ್ಟರಲ್ಲಿ ತೀರ್ಪು ಬಂತು: ‘ಇವನು ಕೆಂಪೇಗೌಡ ಬಸ್‌ಸ್ಟ್ಯಾಂಡಲ್ಲಿ ಬಾಚಣಿಗೆ ಮಾರೋನ ಥರ. ಬಸ್ಸು ಬಿಟ್ಟುಬಿಡ್ತದೆ ಅನ್ನೋ ಅವಸರ.’ ಮಗ ಸ್ಟೇಷನ್ ಬದಲಿಸಿ ಅಮೃತವರ್ಷಿಣಿ ಹಾಕಿದ. ಅಲ್ಲಿ ಅರ್ಧ ಗಂಟೆ ವೀಣೆ ನಡೆಯಿತು, ಯಾರೂ ಮಾತಾಡಲಿಲ್ಲ. ಗೌಡ್ರಿಗೆ ಅದೂ ರುಚಿಸಲಿಲ್ಲ. ತೀರ್ಪು ಕೊಡಲು ಏನಾದರೂ ಸಿಗಬೇಡವೇ?

ಮಗಳು ದೂರದ ಊರಲ್ಲಿದ್ದಾಳೆ. ಅವಳಿಗೂ ಹಾಸನ ಕೇಳಿಸಲಿ ಎಂದು ಯಾರೋ ಫೋನಿಗೆ ಪ್ರಸಾರ ಭಾರತಿಯ ಆ್ಯಪ್ ಹಾಕಿಕೊಟ್ಟರು. ಅಂತರ್ಜಾಲದಲ್ಲಿ ಬರುವ ಪ್ರಸಾರ ನೇರ ರೇಡಿಯೋಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಇದು ಗೊತ್ತಾದ ದಿನದಿಂದ ಗೌಡ್ರ ಪ್ರತಿಷ್ಠೆ ಏರಿತು. ಇಲ್ಲಿ ಜಗಲಿಯಲ್ಲಿ ಉದ್ಘೋಷಕಿ ಸಿನಿಮಾದ ಹೆಸರು ತಪ್ಪು ಹೇಳುತ್ತಾಳೆ, ಗೌಡ್ರು ಫೋನಿನಲ್ಲಿ ಮಗಳಿಗೆ ಹೇಳುತ್ತಾರೆ: ‘ನೋಡ್ತಿರು ಮಗ, ಈಗ ಸಿನ್ಮಾ ಹೆಸರು ತಪ್ಪು ಹೇಳ್ತಾಳೆ.’ ಸ್ವಲ್ಪ ಹೊತ್ತಿಗೆ ಅಲ್ಲಿ ತಪ್ಪೇ ಕೇಳಿಸುತ್ತದೆ. ಮೊಮ್ಮಗನಿಗೆ ಅಜ್ಜ ದೇವಮಾನವ. (ಯಾವ ಕೇಂದ್ರದಲ್ಲಿ ಆದ ತಪ್ಪು ಎಂದು ನಾನು ಹೇಳುವುದಿಲ್ಲ. ನನಗೂ ಎಂದಾದರೊಂದು ಭಾಷಣ ರೆಕಾರ್ಡಿಂಗು ಸಿಗಬೇಕು.)

ಗೌಡ್ರ ಕೀರ್ತಿಗೆ ಕಳಶವಿಟ್ಟದ್ದು ಕಷಾಯದ ಪ್ರಕರಣ. ಜುಲೈ ತಿಂಗಳು, ಮಳೆ ಹಿಡಿದು ಸೂರ್ಯನ ಮುಖವಿಲ್ಲ, ಮರ ಬಿದ್ದು ಕರೆಂಟಿಲ್ಲ, ಮೊಬೈಲ್ ಟವರ್ ಮಲಗಿದೆ. ಇಂಥ ದಿನಗಳಲ್ಲಿ ಮಲೆನಾಡಿನ ಮನೆಗೆ ಹೊರಗಿನ ಲೋಕ ಅಂತ ಇರುವುದು ರೇಡಿಯೋ ಒಂದೇ. ಒಂದು ಸಂಜೆ ಗೌಡ್ರು ಚಿಂತೆಯಿಂದ ಹೇಳಿದರು: ‘ಮಂಗಳವಾರದವಳಿಗೆ ನೆಗಡಿ. ಗಂಟಲು ಕಟ್ಟಿದೆ.’ ಮರುದಿನ ಇನ್ನೊಬ್ಬನಿಗೂ ನೆಗಡಿ. ಮೂರನೇ ದಿನ ಕೃಷಿ ಸಲಹೆ ಹೇಳಲು ಬಂದ ವಿಜ್ಞಾನಿಗೂ. ಇಡೀ ಆಕಾಶವಾಣಿ ಕೆಮ್ಮಿಗೆ ಬಿದ್ದಿದೆ ಎಂದು ತೀರ್ಮಾನಿಸಿ ಗೌಡ್ರು ಐವತ್ತು ಪೈಸೆಯ ಕಾರ್ಡಿನಲ್ಲಿ ಕಾಳುಮೆಣಸು, ಶುಂಠಿ, ಬೆಲ್ಲದ ಕಷಾಯದ ಕ್ರಮ ಬರೆದರು. ಮೆಣಸು ನಮ್ಮ ಕಡೆಯದೇ ಆಗಿರಲಿ ಎಂದು ಅಡಿಗೆರೆ ಎಳೆದರು. ಕಾರ್ಡನ್ನು ಕೊಡೆ ಹಿಡಿದುಕೊಂಡು ಹೋಗಿ ಡಬ್ಬಿಗೆ ಹಾಕಿ, ಬರುವಾಗ ಅಂಗಡಿಯಲ್ಲಿ ಎರಡು ಹೊಸ ಸೆಲ್ಲು ತಂದರು. ಹಾಕಿದರು. ಎಲ್ಲರ ಗಂಟಲೂ ಸರಿಯಾಗಿತ್ತು.

ಕಾರ್ಡು ಇನ್ನೂ ಡಬ್ಬಿಯಲ್ಲೇ ಇದ್ದಾಗ ಗುಣವಾದದ್ದು ಹೇಗೆ ಎಂದು ಗೌಡತಿ ಕೇಳಿದರು. ‘ಬರೆಯೋವಾಗ್ಲೇ ಮನಸ್ಸಲ್ಲಿ ಅಂದ್ಕೊಂಡಿದ್ದೆ, ತಟ್ಟಿರ್ತದೆ’ ಎಂದರು ಗೌಡ್ರು. ಕೆಲವು ದಿನಗಳಾದ ಮೇಲೆ ಕೇಳುಗರ ಪತ್ರಗಳಲ್ಲಿ ಆ ಕಾರ್ಡು ಓದಿದರು, ಪ್ರೀತಿಯಿಂದ ವಂದನೆ ಹೇಳಿದರು. ಅವತ್ತಿನಿಂದ ಸುತ್ತಲ ನಾಲ್ಕು ಊರಲ್ಲಿ ಯಾರಿಗೆ ಕೆಮ್ಮು ಬಂದರೂ ‘ರೇಡಿಯೋದೋರೇ ಕುಡಿದ ಕಷಾಯ’ ಎಂದು ಅದನ್ನೇ ಕುಡಿಸುತ್ತಾರೆ. ಹಿಂದೆ ಬಿಹಾರದಲ್ಲಿದ್ದು ಈಗ ಜಾರ್ಖಂಡಿಗೆ ಸೇರಿದ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿಯ ಊರು ಕೋರಿಕೆಯ ಪತ್ರ ಬರೆದು ಬರೆದೇ ದೇಶಕ್ಕೆಲ್ಲ ಹೆಸರಾಯಿತು. ನಮ್ಮೂರೂ ಹಾಗಾಗಬೇಕೆಂಬುದು ಗೌಡ್ರ ಆಸೆ. ‘ಅವರ ಹತ್ರ ಗಣಿ ಇತ್ತು, ನಮ್ಮ ಹತ್ರ ಕಾಫಿ ಇದೆ. ಕಾರ್ಡ್ ಬರೆಯೋರೇ ಇಲ್ಲ.’

ಗೌಡತಿಯದು ಬೇರೆ ಪಕ್ಷ. ಒತ್ತುಶಾವಿಗೆ ಒತ್ತುತ್ತಾ ಅವರೂ ಕೇಳುತ್ತಾರೆ. ಅವರಿಗೆ ಇಷ್ಟ ಯಾರೆಂದರೆ, ಒಮ್ಮೆ ಮೈಕ್ ಬಂದ್ ಮಾಡಲು ಮರೆತು ಪಕ್ಕದವರನ್ನು ‘ಊಟ ಆಯ್ತಾ?’ ಎಂದು ಕೇಳಿಬಿಟ್ಟಿದ್ದ ಉದ್ಘೋಷಕ. ‘ಅವನೊಬ್ಬ ಮನುಷ್ಯ ಕಣ್ರೀ, ಉಳಿದೋರೆಲ್ಲ ಓದ್ತಾರೆ’ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಮನೆಯಲ್ಲಿ ನಿಜವಾದ ವಿಮರ್ಶಕಿ ಆಕೆ. ಆದರೆ ರೇಡಿಯೋದ ಕಿವಿ ಗೌಡ್ರ ಕೈಯಲ್ಲಿದೆ.

ಆನೆ ಓಡಾಟದ ಕಾಲದಲ್ಲಿ ಅರಣ್ಯ ಇಲಾಖೆಯವರು ಬಂದು ಸಂಜೆ ಮೇಲೆ ಹೊರಗೆ ಬರಬೇಡಿ, ಗುಂಪಿನ ಒಂದು ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕಿದ್ದೇವೆ, ಎಲ್ಲಿದೆ ಅಂತ ತಿಳಿಯುತ್ತದೆ ಎಂದರು. ಗೌಡ್ರು ಗಂಭೀರವಾಗಿ ಕೇಳಿದ್ದು: ‘ಕಾಡೊಳಗೆ ಅದಕ್ಕೆ ಹಾಸನ ಸಿಗ್ತದಾ, ಮಂಗ್ಳೂರಾ?’

ಇಷ್ಟೆಲ್ಲ ತೀರ್ಪು ಕೊಟ್ಟ ಗೌಡ್ರು ಮಂಗಳವಾರದವಳನ್ನೇ ನೇರ ಫೋನ್-ಇನ್‌ನಲ್ಲಿ ಒಮ್ಮೆ ಹಿಡಿದರು. ವಾರವಿಡೀ ತಯಾರಿ. ಹೇಳಬೇಕಾದ ಆಕ್ಷೇಪಣೆಗಳನ್ನು ಕಾಫಿ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟರು: ಹಾಡಿನ ಮಧ್ಯೆ ಮಾತು ಬೇಡ, ಸಂಗೀತ ನಿರ್ದೇಶಕರ ಹೆಸರು ನುಂಗಬೇಡಿ, ‘ಓಕೆ’ ಕಡಿಮೆ ಮಾಡಿ. ಒಂದೇ ಸಮನೆ ಎಂಗೇಜ್ ಬಂದ ಲೈನು ಕೊನೆಗೂ ಸಿಕ್ಕಿತು. ಕೂಡಲೇ ಕಿವಿ ಸೀಳುವ ಕೀಚಲು ಸದ್ದು.

‘ನಮಸ್ಕಾರ, ರೇಡಿಯೋ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ... ಹಾಂ, ಎಲ್ಲಿಂದ ಮಾತಾಡ್ತಿದೀರಿ?’

‘ಸಕ್ಲೇಶ್‌ಪುರ ತಾಲೂಕಿಂದ ಮೇಡಂ.’

‘ಓಕೆ! ಮಳೆ ಹೇಗಿದೆ ನಿಮ್ಮ ಕಡೆ? ಕಾಫಿ ಕುಡಿದ್ರಾ?’

‘ಮಳೆ ಜೋರು ಮೇಡಂ. ಕುಡಿದೆ ಮೇಡಂ. ನಿಮ್ದಾಯ್ತಾ ಮೇಡಂ?’

‘ನಮ್ಮ ಕಾರ್ಯಕ್ರಮ ಹೇಗೆ ಬರ್ತಿದೆ?’

ಲೆಕ್ಕದ ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಗೌಡ್ರು ಹೇಳಿದರು: ‘ತುಂಬಾ ಚೆನ್ನಾಗಿ ಬರ್ತಿದೆ ಮೇಡಂ. ನಿಮ್ಮ ದನಿ ಕೇಳ್ದಿದ್ರೆ ಸಂಜೆ ಆದಂಗೇ ಆಗಲ್ಲ.’

‘ಥ್ಯಾಂಕ್ಯೂ ಸರ್! ಯಾವ ಹಾಡು ಬೇಕು?’

‘ಯಾವ್ದಾರ ಹಾಕಿ ಮೇಡಂ.’

ಫೋನಿಟ್ಟ ಮೇಲೆ ಗೌಡತಿ ಗಂಡನ ಮುಖವನ್ನೇ ನೋಡಿದರು. ‘ಮನೆ ಹೆಣ್ಮಗಳನ್ನ ನಾಲ್ಕು ಜನರ ಮುಂದೆ ಬೈತಾರಾ?’ ಎಂದು ಗೌಡ್ರು ಎದ್ದು ಕಣದ ಕಡೆ ಹೋದರು.

ಉದ್ಘೋಷಕರಲ್ಲಿ ನನ್ನದೊಂದು ಅರಿಕೆ. ನಿಮ್ಮ ಮುಂದಿರುವುದು ಮೈಕು ಮಾತ್ರ, ಎದುರಿಗೆ ಯಾರೂ ಕಾಣುವುದಿಲ್ಲ, ನಿಜ. ಆದರೂ ಗುಡ್ಡದ ಕಡೆಯ ಫೋನು ಬಂದಾಗ ಸಮಯವಾಯಿತೆಂದು ಬೇಗ ಕತ್ತರಿಸಬೇಡಿ, ಅರ್ಧ ಚರಣ ಹಾಡು ಹೋದರೆ ಹೋಗಲಿ. ಮತ್ತು ಆ ತುದಿಯಿಂದ ಯಾರಾದರೂ ‘ಆಸನ ಆಕಾಸವಾಣಿನಾ?’ ಎಂದರೆ ತಿದ್ದಲು ಹೋಗಬೇಡಿ. ಹೌದು ಎನ್ನಿ.