ಕೈ ತೊಳ್ಕೋತೀನಿ: ಔರಾದ ಶಹಾಜನಿಯಲ್ಲಿ ಸ್ಪ್ಯಾನಿಷ್ ಆತ್ಮಾರ್ಥಕ ಕ್ರಿಯಾಪದದ ಭವಿಷ್ಯತ್ತು

ಅಥ ಹಸ್ತಪ್ರಕ್ಷಾಲನ ಪ್ರಕರಣಂ. ತೇರಣಾ ನದಿ ಮಾಂಜ್ರಾವನ್ನು ಕೂಡುವ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಔರಾದ ಶಹಾಜನಿಯ ಸೀಮೆಯಲ್ಲಿ ಸ್ಪ್ಯಾನಿಷ್ ಭಾಷೆಯ ಕುರುಹೇ ಸಿಕ್ಕಿಲ್ಲವೆಂದು ಪೂರ್ವಪಕ್ಷದವರು ಕುಣಿಯಬಹುದು. ಸಿಕ್ಕಿಲ್ಲವೆಂಬುದೇ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಪುರಾವೆ. ಇದಕ್ಕಿಂತ ತೆಳುವಾದ ಆಧಾರಕ್ಕೆ ದಪ್ಪ ದಪ್ಪ ಗ್ರಂಥಗಳು ಬಂದುಹೋಗಿವೆ. (ಬೀದರ ಜಿಲ್ಲೆಯಲ್ಲಿ ಇನ್ನೊಂದು ಔರಾದವಿದೆ. ತಪ್ಪಿ ಅಲ್ಲಿ ಇಳಿದ ವಿದ್ವಾಂಸರು ಅಲ್ಲಿಯೇ ಸಂಶೋಧನೆ ಮುಗಿಸಬಹುದು, ಫಲಿತಾಂಶ ಬದಲಾಗದು.)

‘ಲಾವಾರ್ಸೆ’ ಎಂದರೆ ತೊಳೆದುಕೊಳ್ಳು. ಸ್ಪೇನಿನವರ ಪೈಕಿ ನಿಯಮ ಮೀರದ, ಸದ್ಗೃಹಸ್ಥ ಕ್ರಿಯಾಪದ. ಭವಿಷ್ಯತ್ಕಾಲ ಬಂದೊಡನೆ ಅದರ ಬಾಲದ ‘ಸೆ’ ಕಳಚಿ, ಪುರುಷಕ್ಕೆ ತಕ್ಕ ವೇಷ ತೊಟ್ಟು, ಮೆರವಣಿಗೆಯ ತಲೆಗೆ ಬಂದು ನಿಲ್ಲುತ್ತದೆ. ಉಳಿದ ‘ಲಾವಾರ್’ ಇಡಿಯಾಗಿ ಪ್ರತ್ಯಯ ಹೊರುತ್ತದೆ. ಮೆ ಲಾವಾರೆ, ತೆ ಲಾವಾರಾಸ್, ಸೆ ಲಾವಾರಾ. ನೋಸ್ ಲಾವಾರೆಮೋಸ್, ಓಸ್ ಲಾವಾರೆಯಿಸ್, ಸೆ ಲಾವಾರಾನ್. ಔರಾದದವರಿಗೆ ಇಷ್ಟು ವೇಷ ಬೇಡ. ಎಲ್ಲ ಪುರುಷರಿಗೂ ಒಂದೇ ‘ಕೊ’, ಅದೂ ಹಿಂದಿನಿಂದ: ನಾ ತೊಳ್ಕೋತೀನಿ, ನೀ ತೊಳ್ಕೋತಿ, ಅಂವ ತೊಳ್ಕೋತಾನ, ನಾವು ತೊಳ್ಕೋತೀವಿ, ನೀವು ತೊಳ್ಕೋತೀರಿ, ಅವರು ತೊಳ್ಕೋತಾರ.

ಇಲ್ಲೊಂದು ತೊಡಕು. ವ್ಯಾಕರಣಕಾರ ಕೇಶಿರಾಜನ ಕಾಲಕ್ಕೆ, ಅಂದರೆ 13ನೇ ಶತಮಾನಕ್ಕೆ, ಕನ್ನಡದಲ್ಲಿ ದ, ದಪ, ವ ಎಂದು ನಿನ್ನೆ-ಇಂದು-ನಾಳೆಗಳಿಗೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಆಡುಮಾತಿನಲ್ಲಿ ಆ ‘ವ’ ಕಾಣೆಯಾಯಿತು. ಈಗಿನ ‘ತ’ ಇವತ್ತಿಗೂ ಅದೇ, ನಾಳೆಗೂ ಅದೇ. ಇದರ ಆರ್ಥಿಕ ಪರಿಣಾಮ ಘೋರವಾದದ್ದು. ಕಲ್ಪಿತ ಉದಾಹರಣೆ:

“ಸಾವ್ಕಾರ್ರ, ಬಾಕಿ ತೀರಿಸ್ಕೋತೀನ್ರಿ.”

“ಇವತ್ತೋ, ನಾಳಿಗೋ?”

“ತೀರಿಸ್ಕೋತೀನಿ ಅಂದೆನಲ್ರಿ!”

“ಮರಾಠಿಯಾಗ ಹೇಳಪಾ.”

ಸಾವ್ಕಾರನ ಭಾಷಾಜ್ಞಾನಕ್ಕೆ ನಮಸ್ಕಾರ. ಮರಾಠಿಯ ‘ಘೇತೋ’ ಬೇರೆ, ‘ಘೇಈನ್’ ಬೇರೆ. ಎರಡನೆಯದು ಬಾಯಿಂದ ಬಿದ್ದರೆ ನಾಳೆ ಎಂದೇ ಲೆಕ್ಕ. ಅಲ್ಲದೆ ‘ಧುವೂನ್ ಘೇಈನ್’ ಎಂಬಲ್ಲಿ ಮರಾಠಿಯೂ ಕನ್ನಡದಂತೆಯೇ ತೊಳೆದು ‘ಕೊಳ್ಳುತ್ತದೆ’. ಯಾರು ಯಾರಿಂದ ಕೊಂಡರೆಂಬ ಚರ್ಚೆಗೆ ಪೊಲೀಸ್ ಬಂದೋಬಸ್ತ್ ಬೇಕಾದ್ದರಿಂದ ಇಲ್ಲಿ ಎತ್ತುವುದಿಲ್ಲ. ಸಾವ್ಕಾರನಿಗೆ ಇನ್ನೂ ಭದ್ರವಾದದ್ದು ಸ್ಪ್ಯಾನಿಷ್. ಅದರ ಭವಿಷ್ಯತ್ ಪ್ರತ್ಯಯಗಳು ಹುಟ್ಟಿದ್ದೇ ‘ಆಬೆರ್’ ಎಂಬ, ‘ಇರು-ಹೊಂದಿರು’ ಅರ್ಥದ ಧಾತುವಿನಿಂದ. ‘ಲಾವಾರೆ’ಯ ಬುಡದಲ್ಲಿರುವುದು ‘ನನಗೆ ತೊಳೆಯುವುದಿದೆ’ ಎಂಬ ಋಣ. ಉದ್ರಿ ಕೊಡುವ ಕಿರಾಣಿ ಅಂಗಡಿಗಳಲ್ಲಿ ಸ್ಪ್ಯಾನಿಷ್ ಕಡ್ಡಾಯವಾಗಲಿ ಎಂಬುದು ಈ ಲೇಖಕನ ಮೊದಲ ಶಿಫಾರಸು. ಎರಡನೆಯದು ಇಲ್ಲ.

ಇನ್ನು ಪ್ರಥಮ ಪುರುಷ ಬಹುವಚನ, ವ್ಯಾಕರಣದ ಅತಿ ಜಾರುವ ಜಾಗ. ನಮ್ಮ ಔರಾದವಿರುವ ನಿಲಂಗಾ, ಜೊತೆಗೆ ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಅಂದು ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರಿಗೆ. ಊರು ಕದಲಲಿಲ್ಲ, ಷಷ್ಠೀ ವಿಭಕ್ತಿ ಮಾತ್ರ ಬದಲಾಗುತ್ತ ಹೋಯಿತು: ಬೀದರಿನ, ಉಸ್ಮಾನಾಬಾದಿನ, ಲಾತೂರಿನ. ಮಹಾರಾಷ್ಟ್ರ-ಕರ್ನಾಟಕ ಗಡಿಯ ಬಗ್ಗೆ ಮಹಾಜನ ಆಯೋಗ 1966ರಲ್ಲಿ ಕೂತು 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಇದನ್ನೆಲ್ಲ ಒಂದೇ ವಾಕ್ಯದಲ್ಲಿ ಹಿಡಿಯುವ ಶಕ್ತಿ ‘ಸೆ ಲಾವಾರಾನ್ ಲಾಸ್ ಮಾನೋಸ್’ ಎಂಬುದಕ್ಕಿದೆ. ಅವರು ಕೈ ತೊಳೆದುಕೊಳ್ಳುವರು. ತಂತಮ್ಮ ಕೈಯೋ, ಪರಸ್ಪರರ ಕೈಯೋ? ಸ್ಪ್ಯಾನಿಷ್ ಬಾಯಿ ಬಿಡುವುದಿಲ್ಲ. ಕನ್ನಡ ಇನ್ನೂ ಜಾಣ. ‘ಸಾಹೇಬ್ರು ಕೈ ತೊಳ್ಕೋತಾರ’ ಎಂದರೆ ಸಾಹೇಬರು ಒಬ್ಬರೋ ಹತ್ತು ಮಂದಿಯೋ, ಈಗಲೋ ಮುಂದೋ, ಊಟಕ್ಕೋ ನಮ್ಮ ಹೊಣೆಯಿಂದಲೋ, ಯಾವುದೂ ತಿಳಿಯದಂತೆ ಮಾತು ಮುಗಿದಿರುತ್ತದೆ.

ವಿಧ್ಯರ್ಥ ರೂಪವನ್ನೂ ಪರಿಶೀಲಿಸುವ ಉದ್ದೇಶವಿತ್ತು. ಅಷ್ಟರಲ್ಲಿ ಒಳಗಿನಿಂದ “ಕೈ ತೊಳ್ಕೊಳ್ರಿ, ರೊಟ್ಟಿ ಆರ್ತಾವ” ಎಂಬ ಪ್ರಯೋಗ ಕೇಳಿಬಂದುದರಿಂದ, ಆ ರೂಪಕ್ಕೆ ಭವಿಷ್ಯತ್ತಿನ ಹಂಗಿಲ್ಲವೆಂದು ಲೇಖಕನು ಕೂಡಲೇ ಎದ್ದುನಿಂತು ಸಿದ್ಧಪಡಿಸಿದನು.