ಲ್ಯಾರಿಯಣ್ಣನಿಗೆ ಡೊಂಬಿವಲಿಯಿಂದ ಒಂದು ತಕರಾರು ಅರ್ಜಿ

ಮಾನ್ಯ ಲ್ಯಾರಿ ಮಲೆನ್ ಜೂನಿಯರ್ ಅವರಿಗೆ,
ಡಬ್ಲಿನ್, ಐರ್ಲೆಂಡ್.

ವಿಷಯ: ನೆರೂಳಿನಲ್ಲಿ ಡ್ರಮ್ಸ್ ಬಾರಿಸಿ ಹೋದವರು ಆಮೇಲೆ ಈ ಕಡೆ ಪತ್ತೆ ಇಲ್ಲದಿರುವ ಬಗ್ಗೆ.

ಮಾನ್ಯರೇ,

2019ರ ಡಿಸೆಂಬರ್ 15ರಂದು ನವಿ ಮುಂಬಯಿಯ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ನಿಮ್ಮ ಯೂ2 ರಾಕ್ ತಂಡ ಭಾರತದಲ್ಲಿ ಮೊದಲ ಬಾರಿ ಕಾರ್ಯಕ್ರಮ ಕೊಟ್ಟಿತು. ‘ಜೋಶುವಾ ಟ್ರೀ’ ಪ್ರವಾಸದ ಕೊನೆಯ ರಾತ್ರಿಯೂ ಅದೇ. ಮುಂದೆ 2023ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ತಂಡ ನಲವತ್ತು ಪ್ರದರ್ಶನಗಳ ಸರಣಿ ಶುರುಮಾಡಿದಾಗ ನಿಮ್ಮ ಜಾಗದಲ್ಲಿ ನೆದರ್‌ಲ್ಯಾಂಡ್ಸಿನ ಬ್ರಾಮ್ ವಾನ್ ಡೆನ್ ಬರ್ಗ್ ಕೂತಿದ್ದರು. ನಿಮಗೆ ಶಸ್ತ್ರಚಿಕಿತ್ಸೆ, ವಿಶ್ರಾಂತಿ. ನಮಗೇನೂ ಆಶ್ಚರ್ಯವಾಗಲಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ರೈಲಿನಲ್ಲಿ ಎದ್ದವನ ಸೀಟಿಗೆ ಕೋಪರ್ ಸ್ಟೇಷನ್ ಬರುವುದರೊಳಗೆ ವಾರಸುದಾರರು ಹುಟ್ಟುತ್ತಾರೆ. ಆದರೆ ಈ ಲೆಕ್ಕದಲ್ಲಿ ಒಂದು ಪ್ರವಾಸದ ತುಂಬ ಬಾರಿಸಿ ನೀವು ಕೋಲು ಕೆಳಗಿಟ್ಟದ್ದು ನಮ್ಮ ನೆರೂಳಿನಲ್ಲಿ. ಹಾಗಾಗಿ ನಿಮ್ಮ ಕುರಿತು ತಕರಾರು ಎತ್ತುವ ಹಕ್ಕು ಠಾಣೆ, ಕಲ್ಯಾಣ, ಡೊಂಬಿವಲಿಯವರಿಗೆ ಸೇರಿದ್ದು.

ಇದಕ್ಕೆ ಹಿನ್ನೆಲೆ ಇದೆ. ಬೆಂಗಳೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗ 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನೋಡಿದವನು. ಮಿಕ್ ಜಾಗರ್ ಓಡಿದ್ದು, ಕುಣಿದದ್ದು ಯಾವುದೂ ಅವನ ಬಾಯಲ್ಲಿ ಬರುವುದಿಲ್ಲ. ಹಿಂದೆ ಚಿಕ್ಕದೊಂದು ಡ್ರಮ್ ಸೆಟ್ ಇಟ್ಟುಕೊಂಡು, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಮುಖದಲ್ಲಿ ಬಾರಿಸಿದ ಚಾರ್ಲಿ ವಾಟ್ಸ್ ಒಬ್ಬರದೇ ಧ್ಯಾನ. 2021ರ ಆಗಸ್ಟ್ 24ರಂದು ಚಾರ್ಲಿ ತೀರಿಕೊಂಡಾಗ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸೂತಕವನ್ನೇ ಆಚರಿಸಿದ. ಅವನ ಜಂಭಕ್ಕೆ ಉತ್ತರ ಕೊಡಲು ಮುಂಬಯಿ ಕಡೆಯ ನಮ್ಮಲ್ಲಿರುವ ಬಂಡವಾಳ ನೀವೊಬ್ಬರೇ, ಲ್ಯಾರಿಯಣ್ಣ.

ಈಗ ದೂರಿಗೆ ಬರುತ್ತೇನೆ. ಅವತ್ತು ನೆರೂಳಿನಲ್ಲಿ ನೀವು ಮೊದಲು ಒಬ್ಬರೇ ನಡೆದು ಬಂದಿರಿ. ಜನರ ನಡುವೆ ಚಾಚಿಕೊಂಡಿದ್ದ ಚಿಕ್ಕ ವೇದಿಕೆಯಲ್ಲಿ ಕೂತು ‘ಸಂಡೇ ಬ್ಲಡಿ ಸಂಡೇ’ಯ ಆ ಪಟಾಲಮ್ಮಿನ ಪೆಟ್ಟು ಶುರುಮಾಡಿದಿರಿ. 1972ರಲ್ಲಿ ಉತ್ತರ ಐರ್ಲೆಂಡಿನ ಡೆರಿಯಲ್ಲಿ ಸೈನಿಕರ ಗುಂಡಿಗೆ ಸತ್ತವರ ಹಾಡಿಗೆ ಸೈನ್ಯದ್ದೇ ತಾಳ ಹಾಕಿ ಅದನ್ನು ಸೈನ್ಯದ ಕಡೆಗೇ ತಿರುಗಿಸಿದ ಜಾಣತನ ನಿಮ್ಮದು. ನನ್ನ ಪಕ್ಕದವನು, ‘ಹಾ ಕೋಣ ರೇ?’ (ಯಾರಪ್ಪಾ ಇವನು?) ಎಂದ. ಹಾಡುಗಾರ ಬೋನೋ ಬಂದಮೇಲೆ ಅವನ ಮೊಬೈಲು ಮೇಲೆದ್ದಿತು.

ಆ ಬೋನೋ ಬಂದದ್ದಾದರೂ ಎಲ್ಲಿಂದ? 1976ರಲ್ಲಿ, ಹದಿನೈದೂ ತುಂಬದ ನೀವು ಡಬ್ಲಿನ್ನಿನ ಮೌಂಟ್ ಟೆಂಪಲ್ ಶಾಲೆಯ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದಿರಿ. ಬಂದ ಹುಡುಗರನ್ನು ನಿಮ್ಮ ಮನೆಯ ಅಡುಗೆಮನೆಯಲ್ಲಿ ಕೂರಿಸಿಕೊಂಡಿರಿ. ಹತ್ತು ನಿಮಿಷ ಅದು ಲ್ಯಾರಿ ಮಲೆನ್ ಬ್ಯಾಂಡ್ ಆಗಿತ್ತು, ಬೋನೋ ಒಳಗೆ ಬಂದದ್ದೇ ಮುಗಿಯಿತು ಎಂದು ನೀವೇ ತಮಾಷೆ ಮಾಡುತ್ತೀರಿ. ಇಲ್ಲಿನ ಕನ್ನಡ ಸಂಘಗಳ ಒಡನಾಟವಿದ್ದವರಿಗೆ ಇದು ಹೊಸ ಕಥೆಯಲ್ಲ. ಜಾಗ ಕೊಟ್ಟು, ಚಹಾ ಕೊಟ್ಟು ಸಂಘ ಕಟ್ಟಿದವರು ಮೊದಲ ಮಹಾಸಭೆಯಲ್ಲೇ ಕುರ್ಚಿ ಜೋಡಿಸುವ ಕೆಲಸಕ್ಕೆ ಇಳಿಯುತ್ತಾರೆ. ಮೈಕು ಇನ್ನೊಬ್ಬರ ಕೈಯಲ್ಲಿರುತ್ತದೆ.

ಯಕ್ಷಗಾನದಲ್ಲಿ ನಾವು ಇಷ್ಟು ಕೃತಘ್ನರಲ್ಲ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿ ತಿರುಗಾಟಕ್ಕೆ ಬಂದಾಗ ಕರಪತ್ರದಲ್ಲಿ ಭಾಗವತರ ಹೆಸರಿನ ಬೆನ್ನಿಗೇ ಚೆಂಡೆ, ಮದ್ದಳೆಯವರ ಹೆಸರು ಇರಬೇಕು. ಇಲ್ಲದಿದ್ದರೆ ಯಾರು ಚೆಂಡೆಗೆ ಎಂದು ಕೇಳಿಕೊಂಡೇ ಜನ ಟಿಕೆಟಿಗೆ ಕೈಹಾಕುವುದು. ಇನ್ನೊಂದು ವಿಷಯ. ನಿಮಗೆ ಡಿಸ್‌ಕ್ಯಾಲ್ಕುಲಿಯಾ ಇದೆ, ಅಂಕಿ ಎಣಿಸುವುದೇ ಕಷ್ಟ ಎಂದು 2024ರಲ್ಲಿ ಹೇಳಿಕೊಂಡಿರಿ. ನಮ್ಮ ಚೆಂಡೆಯವರೂ ಬೆರಳು ಮಡಚಿ ಎಣಿಸಿದ್ದನ್ನು ನಾನು ಕಂಡಿಲ್ಲ. ಭಾಗವತರ ಜಾಗಟೆ ಕಿವಿಯಲ್ಲಿ, ವೇಷದ ಕಾಲು ಕಣ್ಣಲ್ಲಿ, ಅಷ್ಟೇ. ಎಣಿಸಲು ಬಾರದವನು ಐದು ದಶಕ ತಾಳ ತಪ್ಪಿಸಲಿಲ್ಲ ಎಂಬುದನ್ನು ನಮ್ಮ ಗಣಿತದ ಮಾಸ್ತರರಿಗೆ ತಿಳಿಸುವ ಧೈರ್ಯ ನನಗಿಲ್ಲ.

ಒಂದು ಸಂಗತಿಯಲ್ಲಿ ತಕರಾರಿಲ್ಲ. ಆ ರಾತ್ರಿ ‘ಅಲ್ಟ್ರಾವಯಲೆಟ್’ ಹಾಡುವಾಗ ಪರದೆಯ ಮೇಲೆ ಮಹಿಳೆಯರ ಮುಖಗಳು ಬಂದವು. ಅವುಗಳಲ್ಲಿ ಒಂದು ಗೌರಿ ಲಂಕೇಶರದು. ಬೆಂಗಳೂರಿನಲ್ಲಿ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದು ಆಗ ಎರಡು ವರ್ಷ ಕಳೆದಿತ್ತು. ಕನ್ನಡದ ಪತ್ರಕರ್ತೆಯ ಮುಖ ಅಷ್ಟು ಎತ್ತರದಲ್ಲಿ, ನೆರೂಳಿನ ಆಕಾಶದ ಕೆಳಗೆ. ನಾನು ಕೂಗಲಿಲ್ಲ, ಫೋಟೋ ತೆಗೆಯಲಿಲ್ಲ. ಅಂದಿನ ಹಾಡುಗಳ ಪಟ್ಟಿ ಮರೆತುಹೋಗಿದೆ; ಆ ಮುಖದ ಹಿಂದೆ ನಿಮ್ಮ ಡ್ರಮ್ ನಡೆಯುತ್ತಿದ್ದುದು ಮರೆತಿಲ್ಲ.

ಆಮೇಲೆ 2025ರ ಜನವರಿಯಲ್ಲಿ ಅದೇ ಸ್ಟೇಡಿಯಂಗೆ ಕೋಲ್ಡ್‌ಪ್ಲೇ ಬಂತು, ಮೂರು ರಾತ್ರಿ. ಗೋರೆಗಾಂವ್‌ನಿಂದ ನೆರೂಳಿಗೆ ವಿಶೇಷ ಲೋಕಲ್ ಓಡಿತು. ನಾವು ಎಂದಿನಂತೆ ಠಾಣೆಯಲ್ಲಿ ಇಳಿದು, ಒಂಬತ್ತು-ಹತ್ತನೇ ಪ್ಲಾಟ್‌ಫಾರ್ಮಿಗೆ ಓಡಿ, ಟ್ರಾನ್ಸ್‌ಹಾರ್ಬರ್ ಗಾಡಿಗೆ ನೇತಾಡಿದೆವು. ಬರುವಾಗ ಡಬ್ಬಿಯಲ್ಲಿ ಎಲ್ಲರೂ ಕ್ರಿಸ್ ಮಾರ್ಟಿನ್ ಹಾಡನ್ನೇ ಗುನುಗುತ್ತಿದ್ದರು. ಡ್ರಮ್ಸಿನ ವಿಲ್ ಚಾಂಪಿಯನ್ ಹೆಸರೆತ್ತಿದೆ. ಯಾವ ಸ್ಟೇಷನ್ನಿನವನು ಎಂದು ಕೇಳಿದರು.

ಆದ್ದರಿಂದ ಈ ಅರ್ಜಿಯ ಮೂಲಕ ಕೇಳಿಕೊಳ್ಳುವುದೇನೆಂದರೆ, ಒಮ್ಮೆ ಈ ಕಡೆ ಬನ್ನಿ. ಭಾನುವಾರ ಬೇಡ, ರೈಲಿನ ಮೆಗಾಬ್ಲಾಕ್ ಇರುತ್ತದೆ. ಸ್ಟೇಡಿಯಮ್ಮೂ ಬೇಡ. ಬೆಳಗಿನ ಲೋಕಲಿನಲ್ಲಿ ನಮ್ಮ ಭಜನಾ ಮಂಡಳಿ ಇದೆ. ಅಭಂಗ ಹೇಳುವ ಬುವಾ ಒಬ್ಬರಿದ್ದಾರೆ, ಇಡೀ ಡಬ್ಬಿಗೆ ಗೊತ್ತಿರುವ ಹೆಸರು ಅವರದೊಂದೇ. ಅಷ್ಟರಮಟ್ಟಿಗೆ ನಿಮಗೆ ಅಭ್ಯಾಸವಾದ ವಾತಾವರಣ. ಉಳಿದವರ ಕೈಯಲ್ಲಿ ತಾಳ, ಎದುರಿಗೆ ಡಬ್ಬಿಯ ತಗಡು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗುವಾಗಲೂ ಲಯ ಕೆಡಬಾರದು ಎಂಬುದೊಂದೇ ಷರತ್ತು. ತಾಳ ನಾವೇ ಕೊಡುತ್ತೇವೆ. ಸೀಟಿನ ಭರವಸೆ ಕೊಡಲಾಗುವುದಿಲ್ಲ.

ಇಂತಿ,
ಡೊಂಬಿವಲಿ ಪೂರ್ವದ ಒಬ್ಬ ಪಾಸುದಾರ