ಸೊಸೆ ಕಾಣಿಸುತ್ತಿದ್ದಾಳೆಯೇ?

ಟಿವಿ ಕೆಟ್ಟರೆ ನಮ್ಮ ಮನೆಗಳಲ್ಲಿ ತಪಾಸಣೆಗೆ ಮೊದಲೇ ತೀರ್ಪು ಹೊರಬೀಳುತ್ತದೆ. 'ಹಳೇದಾಯ್ತು, ಇನ್ನೆಷ್ಟು ದಿನ ಬಂದೀತು?' ಎನ್ನುವವರು ಪಕ್ಕದ ಮನೆಯ 55 ಇಂಚನ್ನು ಆಗಲೇ ಕಣ್ತುಂಬಾ ನೋಡಿ ಬಂದಿರುತ್ತಾರೆ. ವಯಸ್ಸನ್ನೇ ಕಾಯಿಲೆ ಎಂದು ಬರೆದುಕೊಡುವ ಡಾಕ್ಟರನ್ನು ನಾವು ಮನುಷ್ಯರ ವಿಷಯದಲ್ಲಿ ಒಪ್ಪುವುದಿಲ್ಲ. ಟಿವಿಯ ವಿಷಯದಲ್ಲಿ ನಾವೇ ಆ ಡಾಕ್ಟರಾಗುತ್ತೇವೆ. ನನ್ನ ವಾದ ಇಷ್ಟೆ: ರಿಪೇರಿ ಮಾಡಿಸುವುದೋ ಬಿಡುವುದೋ ಎಂಬುದನ್ನು ನಿರ್ಧರಿಸಬೇಕಾದದ್ದು, ಕೆಟ್ಟಿರುವುದು ಪ್ಯಾನೆಲ್ಲೋ ಅದರ ಹಿಂದಿನ ಸಾಮಾನೋ ಎಂಬ ಒಂದೇ ಸಂಗತಿ.

ಡಬ್ಬಾ ಟಿವಿಯ ಕಾಲದಲ್ಲಿ ತಪಾಸಣೆ, ಚಿಕಿತ್ಸೆ ಎರಡೂ ಒಂದೇ ಏಟಿಗೆ ಮುಗಿಯುತ್ತಿದ್ದವು. ನೆತ್ತಿಯ ಮೇಲೊಂದು ಬಿಟ್ಟರೆ ಚಿತ್ರ ಹಾಜರು. ಇದರಲ್ಲಿ ಮೂಢನಂಬಿಕೆಯೇನೂ ಇರಲಿಲ್ಲ. ವರ್ಷಗಟ್ಟಲೆ ಕಾದು, ತಣಿದು ಬಿರುಕುಬಿಟ್ಟ ಬೆಸುಗೆ ಆ ಅದುರಿಗೆ ಮತ್ತೆ ಕೂಡಿಕೊಳ್ಳುತ್ತಿತ್ತು. 1987ರಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಶ್ರೀರಾಮನ ದರ್ಶನಕ್ಕೆ ಮುಂಚೆ ಎಷ್ಟೋ ಪೆಟ್ಟಿಗೆಗಳಿಗೆ ಈ ಸೇವೆ ಸಂದಿರಬೇಕು. ಈಗಿನ ತೆಳ್ಳನೆಯ ಟಿವಿಗೆ ಅದೇ ಸೇವೆ ಮಾಡಿದರೆ ಪ್ಯಾನೆಲ್ ಒಡೆದು ಚರ್ಚೆಯೇ ಮುಗಿಯುತ್ತದೆ. ಇದರ ತಪಾಸಣೆಗೆ ಬೇಕಾದದ್ದು ಒಂದು ಟಾರ್ಚು. (ಅದಕ್ಕೂ ಮುಂಚೆ ರಿಮೋಟಿನ ಸೆಲ್ಲು, ಸೆಟ್‌ಟಾಪ್ ಬಾಕ್ಸಿನ ರೀಚಾರ್ಜು ನೋಡಿಕೊಳ್ಳಿ, ಬಾಕ್ಸಿನ ತಪ್ಪಿಗೆ ಟಿವಿಯನ್ನು ಗಲ್ಲಿಗೇರಿಸುವುದು ಬೇಡ.) ಮಾತು ಕೇಳುತ್ತಿದೆ, ಚಿತ್ರವಿಲ್ಲ ಎಂದಾದರೆ ಕೋಣೆಯ ದೀಪ ಆರಿಸಿ, ಪರದೆಗೆ ಓರೆಯಾಗಿ ಟಾರ್ಚು ಹಿಡಿಯಬೇಕು. ಕತ್ತಲೊಳಗೆ ಧಾರಾವಾಹಿಯ ಸೊಸೆ ಅಳುತ್ತಿರುವುದು ಮಸುಕಾಗಿ ಕಂಡರೆ ಸಂತೋಷಪಡಿ, ಪ್ಯಾನೆಲ್ ಬದುಕಿದೆ. ನಾವು ಎಲ್‌ಇಡಿ ಟಿವಿ ಎನ್ನುವುದು ಬಹುಪಾಲು ಎಲ್‌ಸಿಡಿಯೇ. ಹಿಂದಿನಿಂದ ಬೆಳಕು ಕೊಡುವ (ಬ್ಯಾಕ್‌ಲೈಟ್) ಪುಟ್ಟ ಬಲ್ಬುಗಳಷ್ಟೇ ಎಲ್‌ಇಡಿ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ ಅವನ್ನು ಸಾಲಾಗಿ ಜೋಡಿಸಿರುವುದರಿಂದ ಒಂದು ಬಲ್ಬು ಸುಟ್ಟರೆ ಇಡೀ ಸಾಲಿಗೆ ಕತ್ತಲು. ಟಿವಿ ಹೊತ್ತಿಕೊಳ್ಳುವುದೇ ಇಲ್ಲ ಎಂದರೆ ಅನೇಕ ಸಲ ಪವರ್ ಬೋರ್ಡಿನ ಕೆಪಾಸಿಟರುಗಳು ಬಿಸಿಗೆ ಒಣಗಿ ತಲೆ ಉಬ್ಬಿಸಿಕೊಂಡಿರುತ್ತವೆ. ಬೆಲೆಯಲ್ಲಿ ಅವು ತೀರಾ ಸಣ್ಣ ಸಾಮಾನು. ಆದರೆ ಪ್ಲಗ್ ಕಿತ್ತ ಮೇಲೂ ಅಲ್ಲಿ ಕರೆಂಟು ಉಳಿದಿರುತ್ತದೆ, ಆದ್ದರಿಂದ ಮುಚ್ಚಳ ಬಿಚ್ಚುವ ಉತ್ಸಾಹವನ್ನು ಮೆಕ್ಯಾನಿಕ್‌ಗೇ ಬಿಟ್ಟುಕೊಡುವುದು ಕ್ಷೇಮ.

'ಇವತ್ತು ಇದು, ನಾಳೆ ಇನ್ನೊಂದು ಕೆಡುತ್ತದೆ' ಎಂಬ ಆಕ್ಷೇಪದಲ್ಲಿ ಹುರುಳಿದೆ. ಸುಟ್ಟ ಒಂದೇ ಬಲ್ಬು ಬದಲಿಸಿದರೆ ಅದರ ಓರಗೆಯವು ಒಂದೊಂದಾಗಿ ಹಿಂಬಾಲಿಸುತ್ತವೆ. ಹಾಗಾಗಿ ಬಲ್ಬು ಕೂರಿಸಿದ ಅಷ್ಟೂ ಪಟ್ಟಿಗಳನ್ನು ಒಟ್ಟಿಗೇ ಹೊಸದಾಗಿ ಹಾಕಿಸಬೇಕು, ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಸಬೇಕು. ಶೋರೂಮಿನ ಝಗಮಗವನ್ನು ಮನೆಯಲ್ಲೂ ಉರಿಸುವುದೇ ಅವುಗಳ ಆಯುಸ್ಸು ತಿನ್ನುತ್ತದೆ. 'ಹೊಸದೇ ಅಗ್ಗ' ಎಂಬುದು ಇನ್ನೊಂದು ವಾದ. 2025ರ ಸೆಪ್ಟೆಂಬರಿನಲ್ಲಿ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಈ ವಾದಕ್ಕೆ ಧ್ವನಿ ಜೋರಾಗಿದೆ. ಆದರೆ ಇದರ ಗಣಿತ ವಿಚಿತ್ರ: ರಿಪೇರಿ ಖರ್ಚಿಗೆ ಹೋಲಿಸುವಾಗ ಅಂಗಡಿಯ ಅತಿ ಅಗ್ಗದ ಟಿವಿಯ ಬೆಲೆ ಹೇಳುತ್ತಾರೆ, ಹೊತ್ತು ತರುವುದು ಗೋಡೆ ತುಂಬುವಂಥದ್ದನ್ನು. ಕಂತು, ಹೊಸ ಸ್ಟ್ಯಾಂಡು, 'ಟಿವಿಯದೇ ಸೌಂಡ್ ಸಾಲದು' ಎಂದು ಬರುವ ಸ್ಪೀಕರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಳೆಯದರಲ್ಲಿ ಆಪ್‌ಗಳು ಓಡುವುದಿಲ್ಲ ಎನ್ನುವವರಿಗೆ ಉತ್ತರ ಚಿಕ್ಕದು: ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರಾಯಿತು.

ಪ್ಯಾನೆಲ್ಲೇ ಬಿರುಕುಬಿಟ್ಟಿದ್ದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಟಿವಿಯ ಬೆಲೆಯ ಬಹುಪಾಲು ಅದೇ. ಎಕ್ಸ್‌ಚೇಂಜಿನಲ್ಲಿ ಬಂದಷ್ಟು ಬರಲಿ. ನಿಜವಾದ ಇಕ್ಕಟ್ಟು ಪ್ಯಾನೆಲ್ ಚೆನ್ನಾಗಿದ್ದು ಬ್ಯಾಕ್‌ಲೈಟ್ ಹೋದಾಗಿನದು. ಪಟ್ಟಿ ತಲುಪಲು ಹಪ್ಪಳದಷ್ಟು ತೆಳುವಾದ ಆ ಗಾಜನ್ನೇ ಎತ್ತಿಡಬೇಕು, ಕೈ ಒಂಚೂರು ಸೊಟ್ಟಗಾದರೆ ಸಾವಿರದ ರಿಪೇರಿ ಹತ್ತಾರು ಸಾವಿರದ್ದಾಗುತ್ತದೆ. ಆದ್ದರಿಂದ ಸ್ಕ್ರೂ ಬಿಚ್ಚುವ ಮೊದಲೇ ಮೆಕ್ಯಾನಿಕ್‌ನನ್ನು ಕೇಳಿಬಿಡಬೇಕು: 'ಒಡೆದರೆ ಯಾರ ಲೆಕ್ಕಕ್ಕೆ, ಸ್ವಾಮಿ?' ಆತ ತಲೆ ಕೆರೆದುಕೊಂಡರೆ ಟಿವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇನ್ನೊಂದು ಅಂಗಡಿ ಹುಡುಕುವುದು ವಾಸಿ.